ಸೆಪ್ಟಿಕ್ ಟ್ಯಾಂಕಿನ ಇಂಗುಗುಂಡಿ ಕೆಟ್ಟಾಗ: ಇಂಗ್ಲೆಂಡಿನ ನಿಯಮಗಳು ಮತ್ತು ಬದಲಾವಣೆಯ ಕ್ರಮ (ಪದೇ ಪದೇ ಕೇಳುವ ಪ್ರಶ್ನೆಗಳು)

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ, ಸಾರ್ವಜನಿಕ ಒಳಚರಂಡಿ ತಲುಪದ ಕಡೆ ಮನೆ ಕೊಂಡವರಿಗೆ ಮನೆಯ ಜೊತೆಗೆ ಒಂದು ಸೆಪ್ಟಿಕ್ ಟ್ಯಾಂಕ್ ಕೂಡ ಬರುತ್ತದೆ, ಅದರಾಚೆ ಹಿತ್ತಲಿನ ಮಣ್ಣಿನೊಳಗೆ ಎಲ್ಲೋ ಒಂದು ಇಂಗುಗುಂಡಿ ಇರುತ್ತದೆ. ಅದು ಸರಿಯಾಗಿರುವವರೆಗೆ ಯಾರೂ ಅದರ ಗೊಡವೆಗೆ ಹೋಗುವುದಿಲ್ಲ. ಕೆಟ್ಟ ದಿನ ಮಾತ್ರ ಏನು ಮಾಡಬೇಕು, ಯಾರನ್ನು ಕೇಳಬೇಕು, ಕಾನೂನು ಏನು ಹೇಳುತ್ತದೆ ಎಂಬ ಪ್ರಶ್ನೆಗಳು ಒಟ್ಟಿಗೇ ಎದುರಾಗುತ್ತವೆ. ಇಲ್ಲಿರುವ ಉತ್ತರಗಳು ಇಂಗ್ಲೆಂಡಿಗೆ ಮಾತ್ರ ಅನ್ವಯಿಸುತ್ತವೆ. ವೇಲ್ಸ್, ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡ್‌ಗಳಲ್ಲಿ ನಿಯಂತ್ರಣ ಸಂಸ್ಥೆಯೂ ಬೇರೆ, ನೋಂದಣಿಯ ಪದ್ಧತಿಯೂ ಬೇರೆ.

ಇಂಗುಗುಂಡಿ ಕೆಟ್ಟಿದೆ ಎಂದು ಖಚಿತವಾಗಿ ತಿಳಿಯುವುದು ಹೇಗೆ?

ಬಟ್ಟೆ ಒಗೆಯುವ ಯಂತ್ರದ ನೀರು ಹೊರಹೋಗುವಾಗ ಶೌಚಾಲಯದ ಬೇಸಿನ್ನಿನಲ್ಲಿ ಗುಳುಗುಳು ಸದ್ದು ಬರುವುದು, ಸ್ನಾನದ ನೀರು ನಿಧಾನವಾಗಿ ಇಳಿಯುವುದು, ಒಣ ಹವೆಯಲ್ಲೂ ಹುಲ್ಲುಹಾಸಿನ ಒಂದು ಭಾಗ ಮಾತ್ರ ಕಡುಹಸಿರಾಗಿ ಕಾಲಿಟ್ಟರೆ ಮೆತ್ತಗಾಗುವುದು, ಸಂಜೆಯ ಹೊತ್ತು ವಾಸನೆ ಏಳುವುದು ಇವೆಲ್ಲ ಮೊದಲ ಸೂಚನೆಗಳು. ಆದರೆ ಇದೇ ಲಕ್ಷಣಗಳಲ್ಲಿ ಕೆಲವು, ಮನೆ ಮತ್ತು ಟ್ಯಾಂಕಿನ ನಡುವಿನ ಕೊಳವೆ ಕಟ್ಟಿಕೊಂಡಾಗಲೂ ಕಾಣಿಸುತ್ತವೆ. ಆದ್ದರಿಂದ ಮೊದಲು ಟ್ಯಾಂಕಿನ ಮುಚ್ಚಳ ತೆಗೆಸಿ ನೀರಿನ ಮಟ್ಟವನ್ನು ನೋಡಬೇಕು.

ಇಲ್ಲಿ ಬಹಳ ಮಂದಿ ಎಡವುತ್ತಾರೆ. ಸೆಪ್ಟಿಕ್ ಟ್ಯಾಂಕ್ ಯಾವಾಗಲೂ ತುಂಬಿಯೇ ಇರುವಂಥದ್ದು. ನೀರು ಹೊರಹೋಗುವ ಕೊಳವೆಯ ತಳಮಟ್ಟಕ್ಕೆ ಸಮನಾಗಿ ನಿಂತಿದ್ದರೆ ಅದು ಆರೋಗ್ಯದ ಲಕ್ಷಣವೇ ಹೊರತು ರೋಗವಲ್ಲ. ನೀರು ಆ ಕೊಳವೆಯನ್ನು ಮುಳುಗಿಸಿ ಮೇಲೇರಿದ್ದರೆ ಮಾತ್ರ ಮುಂದಿನ ದಾರಿ ಮುಚ್ಚಿದೆ ಎಂದರ್ಥ. ನೀರು ಮೇಲೇರದೆಯೇ ಮನೆಯ ಕೊಳವೆಗಳು ಕಟ್ಟಿಕೊಳ್ಳುತ್ತಿದ್ದರೆ ದೋಷ ಟ್ಯಾಂಕಿನ ಈಚೆಗಿದೆ. ಇನ್ನೂ ಗಟ್ಟಿಯಾದ ಸಾಕ್ಷ್ಯ ಟ್ಯಾಂಕರ್ ಬಂದು ಟ್ಯಾಂಕನ್ನು ಖಾಲಿ ಮಾಡುವ ದಿನ ಸಿಗುತ್ತದೆ. ಮಟ್ಟ ಇಳಿಯುತ್ತಿದ್ದಂತೆ ಹೊರಕೊಳವೆಯ ಬಾಯಿಯನ್ನು ಗಮನಿಸಿ: ಅಲ್ಲಿಂದ ಬೂದುಬಣ್ಣದ ನೀರು ಹಿಮ್ಮುಖವಾಗಿ ಟ್ಯಾಂಕಿಗೇ ಸುರಿಯುತ್ತಿದ್ದರೆ, ನೆಲ ನೀರನ್ನು ಕುಡಿಯುವುದನ್ನು ನಿಲ್ಲಿಸಿದೆ. ಆ ದಿನ ಮನೆಯಲ್ಲಿದ್ದು ಇದೊಂದನ್ನು ನೋಡುವುದು ಎಷ್ಟೋ ಊಹಾಪೋಹಗಳನ್ನು ತಪ್ಪಿಸುತ್ತದೆ.

ಅದು ಕೆಡುವುದಾದರೂ ಏಕೆ?

ಸೆಪ್ಟಿಕ್ ಟ್ಯಾಂಕ್ ಕೊಳಕನ್ನು ಶುದ್ಧ ಮಾಡುತ್ತದೆ ಎಂಬುದು ಅರ್ಧ ಸತ್ಯ. ಟ್ಯಾಂಕಿನಲ್ಲಿ ಭಾರದ ಕಣಗಳು ಕೆಳಗೆ ಹೂಳಾಗಿ ಕೂರುತ್ತವೆ, ಎಣ್ಣೆ ಜಿಡ್ಡು ಮೇಲೆ ಪದರವಾಗಿ ತೇಲುತ್ತದೆ, ನಡುವಿನ ನೀರು ಹೊರಹೋಗುತ್ತದೆ. ಆ ನೀರಿನಲ್ಲಿ ರೋಗಾಣುಗಳೂ ಸಾವಯವ ಅಂಶವೂ ಇನ್ನೂ ಧಾರಾಳವಾಗಿರುತ್ತವೆ. ನಿಜವಾದ ಶುದ್ಧೀಕರಣ ನಡೆಯುವುದು ಮಣ್ಣಿನಲ್ಲಿ, ಗಾಳಿ ಆಡುವ ಮೇಲುಪದರದಲ್ಲಿ, ಅಲ್ಲಿರುವ ಸೂಕ್ಷ್ಮಜೀವಿಗಳಿಂದ.

ಹೊರಹೋಗುವ ನೀರಿನೊಂದಿಗೆ ಕಣಗಳೂ ಜಿಡ್ಡೂ ಹೆಚ್ಚಾಗಿ ಸಾಗಿದಾಗ, ಜಲ್ಲಿಗೂ ಮಣ್ಣಿಗೂ ನಡುವೆ ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಲೋಳೆಯ ಪೊರೆಯೊಂದನ್ನು ಕಟ್ಟುತ್ತವೆ. ಕೆಟ್ಟ ಇಂಗುಗುಂಡಿಯ ಪಕ್ಕವನ್ನು ಅಗೆದು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ: ಜಲ್ಲಿಕಲ್ಲುಗಳಿಗೆ ಕಪ್ಪು ಲೋಳೆ ಮೆತ್ತಿಕೊಂಡಿರುತ್ತದೆ, ಅದಕ್ಕೆ ತಾಗಿದ ಮಣ್ಣು ಕಾಡಿಗೆಯಂತೆ ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬೀರುತ್ತದೆ, ಅದರಾಚೆ ಗುದ್ದಲಿ ಸ್ವಲ್ಪ ಮುಂದೆ ಹೋದರೆ ಮಾಮೂಲಿ ಬಣ್ಣದ ಒಣಮಣ್ಣು ಸಿಗುತ್ತದೆ. ನೀರಿಗೆ ಆ ಒಣಮಣ್ಣನ್ನು ಮುಟ್ಟಲು ದಾರಿಯೇ ಇರುವುದಿಲ್ಲ.

ಈ ಸ್ಥಿತಿಗೆ ತರುವ ಕಾರಣಗಳು ಹಲವು. ವರ್ಷಗಟ್ಟಲೆ ಹೂಳು ತೆಗೆಸದಿರುವುದು ಮೊದಲನೆಯದು. ಟ್ಯಾಂಕಿನೊಳಗೆ ಜಿಡ್ಡನ್ನು ತಡೆದು ಹಿಡಿಯುವ ಟಿ ಆಕಾರದ ಕೊಳವೆ ಮುರಿದು ಬಿದ್ದಿರುವುದು ಎರಡನೆಯದು, ಮತ್ತು ಇದು ಮುಚ್ಚಳ ತೆಗೆಯುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಛಾವಣಿಯ ಮಳೆನೀರನ್ನು ಟ್ಯಾಂಕಿಗೆ ಜೋಡಿಸಿದ್ದರೆ ಪ್ರತಿ ಮಳೆಗೂ ಹೂಳು ಕದಡಿ ಹೊರಹೋಗುತ್ತದೆ. ಮರದ ಬೇರು, ವಾಹನ ಓಡಾಡಿ ಒತ್ತಿಹೋದ ಮಣ್ಣು, ಚಳಿಗಾಲದಲ್ಲಿ ಮೇಲೇರುವ ಅಂತರ್ಜಲ ಇವೂ ಸೇರಿಕೊಳ್ಳುತ್ತವೆ.

ಟ್ಯಾಂಕ್ ಖಾಲಿ ಮಾಡಿಸಿ, ಕೊಳವೆಗೆ ಜೆಟ್ ಹೊಡೆಸಿದರೆ ಸಾಲದೇ?

ಕೊಳವೆಯೊಳಗೆ ಬೇರು ಅಥವಾ ಕಸ ಕಟ್ಟಿದ್ದರೆ ಸಾಕಾಗಬಹುದು, ಹಾಗಾಗಿ ಅದನ್ನು ಮೊದಲು ಪ್ರಯತ್ನಿಸುವುದರಲ್ಲಿ ತಪ್ಪಿಲ್ಲ. ಮಣ್ಣೇ ಕಟ್ಟಿಕೊಂಡಿದ್ದರೆ ಮಾತ್ರ ಜೆಟ್ ಕೊಳವೆಯನ್ನು ತೊಳೆಯುತ್ತದೆಯೇ ಹೊರತು ಕೊಳವೆಯಾಚೆಯ ಲೋಳೆಪೊರೆಯನ್ನು ಮುಟ್ಟುವುದಿಲ್ಲ. ಟ್ಯಾಂಕ್ ಖಾಲಿಯಾದ ಮೇಲೆ ಅದು ಮತ್ತೆ ತುಂಬುವವರೆಗೆ ಕೆಲವು ದಿನ ಎಲ್ಲವೂ ಸರಿಹೋದಂತೆ ಕಾಣುತ್ತದೆ. ಆ ಭ್ರಮೆಯಲ್ಲಿ ತಿಂಗಳಿಗೊಮ್ಮೆ ಟ್ಯಾಂಕರ್ ಕರೆಸುತ್ತಾ ಹೋದವರಿದ್ದಾರೆ. ಟ್ಯಾಂಕಿಗೆ ಸುರಿಯುವ ಪುಡಿ, ದ್ರಾವಣಗಳ ಮೇಲೆ ಭರವಸೆ ಇಡಬೇಡಿ.

ಹಳೆಯ ಗುಂಡಿಯ ಪಕ್ಕದಲ್ಲೇ ಇನ್ನೊಂದು ಗುಂಡಿ ತೋಡಿ ಜಲ್ಲಿ ತುಂಬಿಸಬಹುದೇ?

ಇಲ್ಲ. ಈ ಪುಟದಲ್ಲಿ ಒಂದೇ ಉತ್ತರವನ್ನು ಓದುವುದಾದರೆ ಇದನ್ನು ಓದಿ.

ಆಳದ ಗುಂಡಿಗೆ ಜಲ್ಲಿಯನ್ನೋ ಪ್ಲಾಸ್ಟಿಕ್ ಕ್ರೇಟುಗಳನ್ನೋ ತುಂಬಿ ಮಾಡುವ ಇಂಗುಗುಂಡಿ ಮಳೆನೀರಿಗೆ ಸರಿ. ಸೆಪ್ಟಿಕ್ ಟ್ಯಾಂಕಿನ ನೀರಿಗೆ ಇಂದಿನ ನಿಯಮ ಕೇಳುವುದು ‘ಡ್ರೈನೇಜ್ ಫೀಲ್ಡ್’ ಎಂಬ ವ್ಯವಸ್ಥೆಯನ್ನು. ಅಂದರೆ ಆಳವಿಲ್ಲದ ಕಾಲುವೆಗಳಲ್ಲಿ, ಜಲ್ಲಿಯ ಹಾಸಿನ ಮೇಲೆ ಮಲಗಿಸಿದ ರಂಧ್ರವುಳ್ಳ ಕೊಳವೆಗಳ ಜಾಲ. ವ್ಯತ್ಯಾಸ ಹೆಸರಿನದ್ದಲ್ಲ. ಗುಂಡಿ ನೀರನ್ನು ಒಂದೇ ಕಡೆ ಆಳಕ್ಕೆ ಇಳಿಸಿ, ಮಣ್ಣು ಅದನ್ನು ಶುದ್ಧಗೊಳಿಸುವ ಮೊದಲೇ ಅಂತರ್ಜಲದ ಹತ್ತಿರ ಒಯ್ಯುತ್ತದೆ. ಡ್ರೈನೇಜ್ ಫೀಲ್ಡ್ ಅದೇ ನೀರನ್ನು ಗಾಳಿಯಾಡುವ ಮೇಲುಪದರದಲ್ಲಿ ತೆಳ್ಳಗೆ ಹರಡುತ್ತದೆ. ಬಾವಿ, ಕೊಳವೆಬಾವಿ ಅಥವಾ ಬೇರೆ ಆಳದ ರಚನೆಗೆ ಈ ನೀರನ್ನು ಬಿಡುವುದು, ಪರವಾನಗಿಯಿಲ್ಲದೆ ನೀರು ಬಿಡಲು ಅವಕಾಶ ಕೊಡುವ ಸಾಮಾನ್ಯ ನಿಯಮಗಳ (ಮುಂದಿನ ಉತ್ತರ ನೋಡಿ) ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ ಪರಿಸರ ಸಂಸ್ಥೆಯ, ಅಂದರೆ ಎನ್ವಿರಾನ್ಮೆಂಟ್ ಏಜೆನ್ಸಿಯ, ಪ್ರತ್ಯೇಕ ಪರವಾನಗಿ ಬೇಕು.

ಯಾವ ಯಾವ ನಿಯಮಗಳು ಅನ್ವಯಿಸುತ್ತವೆ?

ಮುಖ್ಯವಾಗಿ ಎರಡು ದಿಕ್ಕಿನಿಂದ ನಿಯಮಗಳು ಬರುತ್ತವೆ: ಒಂದು ಪರಿಸರದ ಕಡೆಯಿಂದ, ಇನ್ನೊಂದು ಕಟ್ಟಡದ ಕಡೆಯಿಂದ.

ಪರಿಸರದ ಕಡೆಯಿಂದ 2016ರ ಪರಿಸರ ಪರವಾನಗಿ ನಿಯಮಾವಳಿಯ ಅಡಿಯಲ್ಲಿ ‘ಜನರಲ್ ಬೈಂಡಿಂಗ್ ರೂಲ್ಸ್’ ಎಂಬ ಸಾಮಾನ್ಯ ನಿಯಮಗಳಿವೆ. ಇವು ಮೊದಲು ಜಾರಿಗೆ ಬಂದದ್ದು, ಅದಕ್ಕೂ ಹಿಂದಿನ ನಿಯಮಾವಳಿಯ ಅಡಿಯಲ್ಲಿ, 2015ರ ಜನವರಿ 1ರಂದು. 2023ರ ಅಕ್ಟೋಬರ್ 2ರಿಂದ ಪರಿಷ್ಕೃತ ರೂಪ ಜಾರಿಯಲ್ಲಿದೆ. ನಿಮ್ಮ ವ್ಯವಸ್ಥೆಯಿಂದ ನೀರು ಬಿಡಲು ಆರಂಭಿಸಿದ ದಿನಾಂಕಕ್ಕೆ ತಕ್ಕಂತೆ ಕೆಲವು ಷರತ್ತುಗಳು ಬದಲಾಗುತ್ತವೆ. ಷರತ್ತುಗಳನ್ನೆಲ್ಲ ಪಾಲಿಸುವವರಿಗೆ ಪರವಾನಗಿಯ ಅಗತ್ಯವಿಲ್ಲ. ಮುಖ್ಯವಾದವು ಇವು: ನೀರು ಗೃಹಬಳಕೆಯದ್ದೇ ಆಗಿರಬೇಕು, ನೆಲಕ್ಕೆ ಇಂಗಿಸುವ ಪ್ರಮಾಣ ದಿನಕ್ಕೆ 2 ಘನ ಮೀಟರ್ ಮೀರಬಾರದು, ಕುಡಿಯುವ ನೀರಿನ ಮೂಲವನ್ನು ಕಾಪಾಡುವ ಅಂತರ್ಜಲ ರಕ್ಷಣಾ ವಲಯ 1ರ ಒಳಗೆ ಇರಬಾರದು, ಮಾಲಿನ್ಯ ಉಂಟುಮಾಡಬಾರದು. ಹೊಸದಾಗಿ ನೀರು ಬಿಡುವುದಾದರೆ 30 ಮೀಟರ್ ಒಳಗೆ ಸಾರ್ವಜನಿಕ ಒಳಚರಂಡಿ ಇದೆಯೇ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಒಂದಕ್ಕಿಂತ ಹೆಚ್ಚು ಮನೆಗಳಿದ್ದರೆ ಆ ದೂರವನ್ನು ಮನೆಗಳ ಸಂಖ್ಯೆಯಿಂದ ಗುಣಿಸಬೇಕು. ಸಂರಕ್ಷಿತ ಪ್ರಾಕೃತಿಕ ತಾಣಗಳ ಒಳಗೆ ಅಥವಾ ಹತ್ತಿರ ಇದ್ದರೆ ಷರತ್ತುಗಳು ಇನ್ನಷ್ಟು ಬಿಗಿ.

2 ಘನ ಮೀಟರ್ ಎಂದರೆ 2,000 ಲೀಟರ್. ಮೂರು ಮಲಗುವ ಕೋಣೆಯ ಮನೆಗೆ ಐದು ಜನರ ಲೆಕ್ಕ ಹಿಡಿದು, ತಲೆಗೆ ದಿನಕ್ಕೆ 150 ಲೀಟರ್ ಎಂದರೆ 750 ಲೀಟರ್ ಆಗುತ್ತದೆ. ಆದ್ದರಿಂದ ಒಂಟಿ ಮನೆಗಳು ಈ ಮಿತಿಯನ್ನು ದಾಟುವುದು ಅಪರೂಪ. ಹಲವು ಮನೆಗಳು ಒಂದೇ ಟ್ಯಾಂಕನ್ನು ಹಂಚಿಕೊಂಡಿರುವ ಕಡೆ ಮಾತ್ರ ಎಚ್ಚರ ಬೇಕು.

ಕಟ್ಟಡದ ಕಡೆಯಿಂದ 2010ರ ಕಟ್ಟಡ ನಿಯಮಾವಳಿಯ ಎಚ್ ಭಾಗ, ಅದನ್ನು ವಿವರಿಸುವ ‘ಅಪ್ರೂವ್ಡ್ ಡಾಕ್ಯುಮೆಂಟ್ ಎಚ್’, ಮತ್ತು ಡ್ರೈನೇಜ್ ಫೀಲ್ಡಿನ ವಿನ್ಯಾಸಕ್ಕೆ ಬಿ.ಎಸ್. 6297 ಎಂಬ ಬ್ರಿಟಿಷ್ ಮಾನದಂಡ ಅನ್ವಯಿಸುತ್ತವೆ.

ನನ್ನ ಟ್ಯಾಂಕಿನ ನೀರು ಇಂಗುಗುಂಡಿಗಲ್ಲ, ಹಳ್ಳಕ್ಕೆ ಹೋಗುತ್ತದೆ ಎಂದು ಈಗ ಗೊತ್ತಾಗಿದೆ. ಅದನ್ನು ಹಾಗೇ ಬಿಡಬಹುದೇ?

ಬಿಡುವಂತಿಲ್ಲ. ಸೆಪ್ಟಿಕ್ ಟ್ಯಾಂಕಿನಿಂದ ನೇರವಾಗಿ ಹಳ್ಳ, ತೊರೆ, ನದಿಗೆ ನೀರು ಬಿಡುವುದು ಸಾಮಾನ್ಯ ನಿಯಮಗಳ ಪ್ರಕಾರ ನಿಷಿದ್ಧ; ಹಳೆಯ ವ್ಯವಸ್ಥೆಗಳನ್ನು ಸರಿಪಡಿಸಲು ಕೊಟ್ಟಿದ್ದ ಗಡುವು 2020ರ ಜನವರಿ 1ಕ್ಕೇ ಮುಗಿದಿದೆ. ಡ್ರೈನೇಜ್ ಫೀಲ್ಡಿಗೆ ತಿರುಗಿಸುವುದು, ಸಾರ್ವಜನಿಕ ಒಳಚರಂಡಿಗೆ ಸೇರಿಸುವುದು ಅಥವಾ ಶುದ್ಧೀಕರಣ ಘಟಕ ಹಾಕಿಸುವುದು ಇದಕ್ಕೆ ಇರುವ ದಾರಿಗಳು.

ಕೆಲಸ ಆರಂಭಿಸುವ ಮೊದಲು ಯಾರ ಅನುಮತಿ ಬೇಕು?

ಸ್ಥಳೀಯ ಕೌನ್ಸಿಲ್ಲಿನ ಬಿಲ್ಡಿಂಗ್ ಕಂಟ್ರೋಲ್ ವಿಭಾಗಕ್ಕೆ ಅಥವಾ ನೋಂದಾಯಿತ ಖಾಸಗಿ ಅನುಮೋದಕರಿಗೆ ಮೊದಲೇ ಅರ್ಜಿ ಸಲ್ಲಿಸಬೇಕು. ಕಾಲುವೆಗಳನ್ನು ಮುಚ್ಚುವ ಮೊದಲು ಅವರು ಬಂದು ನೋಡುವಂತೆ ದಿನ ಗೊತ್ತುಮಾಡಿಕೊಳ್ಳಿ; ಮುಚ್ಚಿದ ಮೇಲೆ ಜಲ್ಲಿಯ ದಪ್ಪವನ್ನಾಗಲಿ ಕೊಳವೆಯ ಇಳಿಜಾರನ್ನಾಗಲಿ ಸಾಬೀತುಪಡಿಸಲು ಮತ್ತೆ ಅಗೆಯುವುದೊಂದೇ ದಾರಿ. ಹೊಸ ವ್ಯವಸ್ಥೆಯಾದರೆ ಯೋಜನಾ ಅನುಮತಿಯೂ ಬೇಕಾಗುತ್ತದೆ, ಆದ್ದರಿಂದ ಕೌನ್ಸಿಲ್ಲಿನ ಯೋಜನಾ ವಿಭಾಗದಿಂದ ಲಿಖಿತ ಉತ್ತರ ಪಡೆದಿಟ್ಟುಕೊಳ್ಳಿ.

ನೆಲದ ಪರೀಕ್ಷೆಯನ್ನು ಹೇಗೆ ಮಾಡುತ್ತಾರೆ? ಅದನ್ನು ಬಿಟ್ಟುಬಿಡಬಹುದೇ?

ಬಿಡಬಾರದು. ಪರೀಕ್ಷೆಯಿಲ್ಲದೆ ‘ಇಷ್ಟು ಉದ್ದ ಸಾಕು’ ಎಂದು ಕಣ್ಣಳತೆಯಲ್ಲಿ ಹೇಳುವ ಗುತ್ತಿಗೆದಾರರಿಗೆ ಕೆಲಸ ಕೊಡದಿರುವುದೇ ಕ್ಷೇಮ ಎಂಬುದು ನನ್ನ ದೃಢ ಅಭಿಪ್ರಾಯ.

ಮೊದಲು ಒಂದು ದೊಡ್ಡ ಪರೀಕ್ಷಾ ಗುಂಡಿ. ಒಂದು ಚದರ ಮೀಟರ್ ವಿಸ್ತೀರ್ಣ, 2 ಮೀಟರ್ ಆಳ, ಅಥವಾ ಉದ್ದೇಶಿತ ಕೊಳವೆಯ ತಳಮಟ್ಟದಿಂದ ಕನಿಷ್ಠ 1.5 ಮೀಟರ್ ಆಳ ಇರಬೇಕು. ಅಂತರ್ಜಲ ಎಲ್ಲಿದೆ ಎಂದು ನೋಡುವುದು ಇದರ ಉದ್ದೇಶ. ಕೊಳವೆಯ ತಳದಿಂದ 1 ಮೀಟರ್ ಒಳಗೆ ನೀರು ಏರಬಾರದು, ಮತ್ತು ಈ ಮಾತು ಬೇಸಿಗೆಗೆ ಮಾತ್ರವಲ್ಲ, ಚಳಿಗಾಲಕ್ಕೂ ಅನ್ವಯಿಸುತ್ತದೆ.

ಆಮೇಲೆ ಇಂಗುವ ವೇಗದ ಪರೀಕ್ಷೆ. ಕೊಳವೆಯ ತಳಮಟ್ಟದಿಂದ ಕೆಳಗೆ 300 ಮಿಲಿಮೀಟರ್ ಚೌಕದ, 300 ಮಿಲಿಮೀಟರ್ ಆಳದ ಗುಳಿ ತೋಡಿ, ನೀರು ತುಂಬಿ, ರಾತ್ರಿಯಿಡೀ ಇಂಗಲು ಬಿಡಬೇಕು. ಮಣ್ಣು ನೆನೆದ ಮೇಲಿನ ವೇಗವೇ ನಮಗೆ ಬೇಕಾದದ್ದು, ಒಣಮಣ್ಣಿನ ದಾಹವಲ್ಲ. ಮರುದಿನ ಮತ್ತೆ ತುಂಬಿ, ಮುಕ್ಕಾಲು ಮಟ್ಟದಿಂದ ಕಾಲು ಮಟ್ಟಕ್ಕೆ, ಅಂದರೆ 150 ಮಿಲಿಮೀಟರ್ ಇಳಿಯಲು ಎಷ್ಟು ಸೆಕೆಂಡ್ ಬೇಕಾಯಿತು ಎಂದು ಅಳೆದು, ಅದನ್ನು 150ರಿಂದ ಭಾಗಿಸಬೇಕು. ಬರುವ ಸಂಖ್ಯೆಗೆ ವಿ.ಪಿ. ಎನ್ನುತ್ತಾರೆ. ಕನಿಷ್ಠ ಎರಡು ಗುಳಿಗಳಲ್ಲಿ, ಕನಿಷ್ಠ ಮೂರು ಬಾರಿ ಅಳೆದು ಸರಾಸರಿ ತೆಗೆಯಬೇಕು. ಜೋರು ಮಳೆ, ಕಡು ಹಿಮ, ಬರಗಾಲ ಇರುವಾಗ ಮಾಡಿದ ಪರೀಕ್ಷೆ ನಂಬಲರ್ಹವಲ್ಲ.

ಅಪ್ರೂವ್ಡ್ ಡಾಕ್ಯುಮೆಂಟ್ ಎಚ್ ಪ್ರಕಾರ ವಿ.ಪಿ. 12ರಿಂದ 100ರ ನಡುವೆ ಇರಬೇಕು. 12 ಎಂದರೆ ಆ 150 ಮಿಲಿಮೀಟರ್ ಅರ್ಧ ಗಂಟೆಯಲ್ಲಿ ಇಳಿದಂತೆ. 100 ಎಂದರೆ ನಾಲ್ಕು ಗಂಟೆ ಹತ್ತು ನಿಮಿಷ. ಬೇಗ ಇಂಗಿದಷ್ಟೂ ಒಳ್ಳೆಯದು ಎಂದು ತಿಳಿಯಬೇಡಿ. ಮರಳಿನಲ್ಲಿ ಸರ್ರನೆ ಇಳಿದುಹೋಗುವ ನೀರು ಶುದ್ಧವಾಗಲು ಸಮಯವೇ ಸಿಗದೆ ಅಂತರ್ಜಲ ಸೇರುತ್ತದೆ. ಅದಕ್ಕಾಗಿಯೇ ಕೆಳಮಿತಿಯನ್ನೂ ಇಟ್ಟಿದ್ದಾರೆ.

ಎಷ್ಟು ಉದ್ದದ ಕಾಲುವೆ ಬೇಕಾಗುತ್ತದೆ?

ಸೆಪ್ಟಿಕ್ ಟ್ಯಾಂಕಿಗೆ ಸೂತ್ರ ಸರಳ: ಜನರ ಸಂಖ್ಯೆಯನ್ನು ವಿ.ಪಿ.ಯಿಂದ ಗುಣಿಸಿ, ಮತ್ತೆ 0.25ರಿಂದ ಗುಣಿಸಿದರೆ ಕಾಲುವೆಯ ತಳದ ವಿಸ್ತೀರ್ಣ ಚದರ ಮೀಟರುಗಳಲ್ಲಿ ಸಿಗುತ್ತದೆ. ಉದಾಹರಣೆಗೆ, ಪರೀಕ್ಷೆಯಲ್ಲಿ ನೀರು ಇಳಿಯಲು ಸರಾಸರಿ 75 ನಿಮಿಷ, ಅಂದರೆ 4,500 ಸೆಕೆಂಡ್ ಹಿಡಿಯಿತು ಎನ್ನೋಣ. ವಿ.ಪಿ. 30 ಆಯಿತು. ಐದು ಜನರಿಗೆ 37.5 ಚದರ ಮೀಟರ್ ಬೇಕು. ಕಾಲುವೆಯ ಅಗಲ 60 ಸೆಂಟಿಮೀಟರ್ ಆದರೆ ಒಟ್ಟು ಉದ್ದ 62.5 ಮೀಟರ್. ಶುದ್ಧೀಕರಣ ಘಟಕದಿಂದ ಬರುವ ನೀರಾದರೆ 0.25ರ ಬದಲು 0.20 ಹಿಡಿಯಬಹುದು, ಆಗ ಅದೇ ನೆಲದಲ್ಲಿ 50 ಮೀಟರ್ ಸಾಕಾಗುತ್ತದೆ. ಹಳೆಯ ಒಂದು ಗುಂಡಿಯ ಜಾಗಕ್ಕೆ ಇಷ್ಟು ಉದ್ದವೇ ಎಂದು ಕೇಳಿದವರೆಲ್ಲ ಬೆರಗಾಗುತ್ತಾರೆ, ಆದರೆ ಆ ಗುಂಡಿ ಕೆಟ್ಟದ್ದು ಎಷ್ಟೋ ಸಲ ಅದು ಮೊದಲಿನಿಂದಲೂ ಸಾಲದೆ ಇದ್ದುದರಿಂದಲೇ.

ಇಂದು ಮನೆಯಲ್ಲಿ ಇಬ್ಬರೇ ಇದ್ದೇವೆ ಎಂದು ಇಬ್ಬರ ಲೆಕ್ಕ ಹಾಕಬೇಡಿ. ಮಲಗುವ ಕೋಣೆಗಳ ಲೆಕ್ಕದಲ್ಲೇ ಜನಸಂಖ್ಯೆ ನಿಗದಿಯಾಗುತ್ತದೆ.

ಹಿತ್ತಲಿನಲ್ಲಿ ಎಲ್ಲಿ ಬೇಕಾದರೂ ಹಾಕಬಹುದೇ?

ತೊರೆ, ಹಳ್ಳ ಮುಂತಾದ ಜಲಮೂಲಗಳಿಂದ ಕನಿಷ್ಠ 10 ಮೀಟರ್, ಯಾವುದೇ ಕಟ್ಟಡದಿಂದ 15 ಮೀಟರ್, ಅಂತರ್ಜಲ ಎತ್ತುವ ಬಾವಿ ಅಥವಾ ಕೊಳವೆಬಾವಿಯಿಂದ 50 ಮೀಟರ್ ದೂರವಿರಬೇಕು. ಬಾವಿ ನಿಮ್ಮದೇ ಆಗಿರಬೇಕೆಂದಿಲ್ಲ, ನೆರೆಯವರದ್ದೂ ಲೆಕ್ಕಕ್ಕೆ ಬರುತ್ತದೆ; ಹಳ್ಳಿಯಲ್ಲಿ ಯಾರ ಮನೆಯಲ್ಲಿ ಬಾವಿಯ ನೀರು ಬಳಕೆಯಲ್ಲಿದೆ ಎಂದು ವಿಚಾರಿಸುವುದು ಅಗೆಯುವ ಮೊದಲಿನ ಕೆಲಸ. ಅದರ ಮೇಲೆ ಕಾರು ನಿಲ್ಲಿಸುವ ಜಾಗ, ದಾರಿ, ಕಲ್ಲುಹಾಸು ಬರಬಾರದು. ಕುಡಿಯುವ ನೀರಿನ ಕೊಳವೆ ಅದರ ಮೂಲಕ ಹಾದುಹೋಗಬಾರದು.

ಹಳೆಯ ಇಂಗುಗುಂಡಿಯ ಜಾಗದಲ್ಲೇ ಹೊಸದನ್ನು ಹಾಕುವ ಆಸೆ ಸಹಜ, ಆದರೆ ಅಲ್ಲಿಯ ಮಣ್ಣು ಈಗಾಗಲೇ ಕಟ್ಟಿಕೊಂಡಿದೆ. ಸಾಧ್ಯವಿದ್ದಲ್ಲಿ ಹೊಸ ನೆಲವನ್ನೇ ಆರಿಸಿ.

ಒಳ್ಳೆಯ ಡ್ರೈನೇಜ್ ಫೀಲ್ಡ್ ನೋಡಲು ಹೇಗಿರುತ್ತದೆ?

ಟ್ಯಾಂಕಿನ ನಂತರ ಒಂದು ಪರಿಶೀಲನಾ ಚೇಂಬರ್, ಅಲ್ಲಿಂದ ಸುತ್ತಿ ಬರುವಂತೆ ಜೋಡಿಸಿದ ರಂಧ್ರವುಳ್ಳ ಕೊಳವೆಗಳು. ಕಾಲುವೆಯ ಅಗಲ 300ರಿಂದ 900 ಮಿಲಿಮೀಟರ್. ಎರಡು ಕಾಲುವೆಗಳ ನಡುವೆ 2 ಮೀಟರ್ ಅಗೆಯದ ನೆಲ. ಕೊಳವೆ ನೆಲಮಟ್ಟದಿಂದ ಕನಿಷ್ಠ 500 ಮಿಲಿಮೀಟರ್ ಕೆಳಗೆ, ಅದರಡಿ 20ರಿಂದ 50 ಮಿಲಿಮೀಟರ್ ಗಾತ್ರದ ಶುಭ್ರವಾದ ಜಲ್ಲಿಯ 300 ಮಿಲಿಮೀಟರ್ ಹಾಸು. ಕೊಳವೆಯ ಮೇಲೆ ಇನ್ನೂ 50 ಮಿಲಿಮೀಟರ್ ಜಲ್ಲಿ ತುಂಬಿ, ಮಣ್ಣು ಒಳಗೆ ಜಾರದಂತೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಆಮೇಲೆ ಮಣ್ಣು ಮುಚ್ಚುತ್ತಾರೆ. ಇಳಿಜಾರು 200ಕ್ಕೆ 1ಕ್ಕಿಂತ ಕಡಿದಾಗಿರಬಾರದು. ಇಳಿಜಾರು ಹೆಚ್ಚಾದರೆ ನೀರೆಲ್ಲ ಕೊನೆಯ ತುದಿಗೆ ಓಡಿ, ಅಲ್ಲಿಯ ಮಣ್ಣು ಮಾತ್ರ ಹೊರೆ ಹೊತ್ತು ಬೇಗ ಕಟ್ಟಿಕೊಳ್ಳುತ್ತದೆ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಒದ್ದೆ ಜೇಡಿಮಣ್ಣಿನಲ್ಲಿ ಯಂತ್ರದಿಂದ ಅಗೆದರೆ ಕಾಲುವೆಯ ಗೋಡೆ ಗಾರೆ ಬಳಿದಂತೆ ನುಣುಪಾಗಿ, ರಂಧ್ರಗಳು ಮುಚ್ಚಿಹೋಗುತ್ತವೆ. ಅಂಥ ಗೋಡೆಯನ್ನು ಕೆರೆದು ಒರಟುಗೊಳಿಸದೆ ಜಲ್ಲಿ ಸುರಿದರೆ ಹೊಸ ಡ್ರೈನೇಜ್ ಫೀಲ್ಡ್ ಮೊದಲ ದಿನವೇ ಅರ್ಧ ಕೆಟ್ಟಂತೆ.

ನೆಲ ಪರೀಕ್ಷೆಯಲ್ಲಿ ಅನುತ್ತೀರ್ಣವಾದರೆ?

ಜಾಗದ ಇನ್ನೊಂದು ಭಾಗದಲ್ಲಿ ಪರೀಕ್ಷಿಸಿ ನೋಡಿ. ಒಂದೇ ಹಿತ್ತಲಿನಲ್ಲಿ ಮಣ್ಣು ಬದಲಾಗುವುದುಂಟು. ಅಂತರ್ಜಲ ಮೇಲಿರುವ ಕಡೆ ನೆಲದ ಮೇಲೆಯೇ ದಿಬ್ಬ ಕಟ್ಟಿ ಅದರೊಳಗೆ ಇಂಗಿಸುವ ವಿನ್ಯಾಸವಿದೆ. ಅದೂ ಆಗದಿದ್ದರೆ ಬಿ.ಎಸ್. ಇ.ಎನ್. 12566 ಎಂಬ ಮಾನದಂಡದ 3ನೇ ಭಾಗಕ್ಕೆ ಒಪ್ಪುವ ಶುದ್ಧೀಕರಣ ಘಟಕ ಹಾಕಿ, ಶುದ್ಧವಾದ ನೀರನ್ನು ತೊರೆಗೆ ಬಿಡಬಹುದು. ಇದಕ್ಕೆ ದಿನಕ್ಕೆ 5 ಘನ ಮೀಟರ್ ಮಿತಿಯಿದೆ, ಮತ್ತು ಹೊಸ ಸಂಪರ್ಕವಾದರೆ ವರ್ಷದುದ್ದಕ್ಕೂ ಸಾಮಾನ್ಯವಾಗಿ ಹರಿಯುವ ತೊರೆಯೇ ಆಗಬೇಕು. ಬೇಸಿಗೆಯಲ್ಲಿ ಒಣಗುವ ಕಾಲುವೆ ನಡೆಯುವುದಿಲ್ಲ.

ಕೊನೆಯ ಆಯ್ಕೆ ಹೊರದಾರಿಯೇ ಇಲ್ಲದ ಸಂಗ್ರಹ ತೊಟ್ಟಿ, ಅಂದರೆ ಸೆಸ್‌ಪೂಲ್. ಇಬ್ಬರಿಗೇ 18,000 ಲೀಟರ್, ಮುಂದಿನ ಪ್ರತಿಯೊಬ್ಬರಿಗೂ 6,800 ಲೀಟರ್ ಗಾತ್ರ ಬೇಕು, ಮತ್ತು ಅದು ತುಂಬಿದಾಗಲೆಲ್ಲ ಟ್ಯಾಂಕರ್ ಬರಬೇಕು. ಬೇರೆ ದಾರಿ ಇರುವವರೆಗೆ ಇದರ ಕಡೆ ಹೋಗಬೇಡಿ.

ಹಳ್ಳಿಯ ಹಲವು ಮನೆಗಳಿಗೆ ಇದೇ ತೊಂದರೆ ಇದ್ದರೆ, 1991ರ ನೀರು ಉದ್ಯಮ ಕಾಯ್ದೆಯ 101ಎ ವಿಧಿಯ ಅಡಿಯಲ್ಲಿ ಸಾರ್ವಜನಿಕ ಒಳಚರಂಡಿ ಒದಗಿಸುವಂತೆ ಒಳಚರಂಡಿ ಕಂಪನಿಗೆ ಅರ್ಜಿ ಹಾಕುವ ಅವಕಾಶವಿದೆ.

ಹಳೆಯ ಟ್ಯಾಂಕನ್ನೇ ಉಳಿಸಿಕೊಳ್ಳಬಹುದೇ?

ಬಿರುಕಿಲ್ಲದೆ, ಒಳಕೊಳವೆಗಳು ಸರಿಯಿದ್ದು, ಗಾತ್ರ ಸಾಕಾಗುವಂತಿದ್ದರೆ ಉಳಿಸಿಕೊಳ್ಳಬಹುದು. ನಾಲ್ಕು ಜನರವರೆಗೆ 2,700 ಲೀಟರ್, ಮುಂದಿನ ಪ್ರತಿಯೊಬ್ಬರಿಗೂ 180 ಲೀಟರ್ ಎಂಬುದು ಅಪ್ರೂವ್ಡ್ ಡಾಕ್ಯುಮೆಂಟ್ ಎಚ್‌ನ ಅಳತೆ. ಖಾಲಿ ಮಾಡಿಸಿದ ದಿನವೇ ಒಳಗಿನ ಟಿ ಕೊಳವೆಯನ್ನು ಪರೀಕ್ಷಿಸಿ. ಮುರಿದಿದ್ದರೆ ಬದಲಿಸದೆ ಹೊಸ ಡ್ರೈನೇಜ್ ಫೀಲ್ಡಿಗೆ ಒಂದು ತೊಟ್ಟು ನೀರನ್ನೂ ಬಿಡಬೇಡಿ. ಟ್ಯಾಂಕಿನೊಳಗೆ ನೀವಾಗಲಿ ಬೇರೆ ಯಾರೇ ಆಗಲಿ ಎಂದಿಗೂ ಇಳಿಯಬಾರದು: ಅಲ್ಲಿರುವ ವಿಷಾನಿಲ ಕ್ಷಣಗಳಲ್ಲಿ ಪ್ರಾಣ ತೆಗೆಯುತ್ತದೆ.

ಹೊಸದನ್ನು ಬಹುಕಾಲ ಉಳಿಸಿಕೊಳ್ಳುವುದು ಹೇಗೆ?

ವರ್ಷಕ್ಕೊಮ್ಮೆ ಹೂಳು ತೆಗೆಸಿ, ಅದನ್ನು ನೋಂದಾಯಿತ ತ್ಯಾಜ್ಯ ಸಾಗಣೆದಾರರಿಂದಲೇ ಮಾಡಿಸಿ, ರಸೀದಿ ಇಟ್ಟುಕೊಳ್ಳಿ. ತಿಂಗಳಿಗೊಮ್ಮೆ ಚೇಂಬರಿನ ಮುಚ್ಚಳ ತೆಗೆದು, ನೀರು ತಡೆಯಿಲ್ಲದೆ ತಿಳಿಯಾಗಿ ಹರಿಯುತ್ತಿದೆಯೇ ನೋಡಿ. ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ, ಒರೆಸುವ ಬಟ್ಟೆಗಳನ್ನು ಶೌಚಾಲಯಕ್ಕೆ ಹಾಕಬೇಡಿ, ಮಳೆನೀರಿನ ಕೊಳವೆಯನ್ನು ಬೇರ್ಪಡಿಸಿ.

ಇಂಗುಗುಂಡಿ ನೆರೆಯವರ ಜಮೀನಿನಲ್ಲಿದೆ. ಹೊಣೆ ಯಾರದು? ಮನೆ ಮಾರುವಾಗ ಏನು ಮಾಡಬೇಕು?

ನೀರು ನಿಮ್ಮ ಮನೆಯದಾದರೆ, ಅದು ಯಾರ ಜಮೀನಿನಲ್ಲಿ ಇಂಗಿದರೂ ಹೊಣೆ ನಿಮ್ಮದೇ. ಹಲವು ಮನೆಗಳು ಹಂಚಿಕೊಂಡಿದ್ದರೆ ಎಲ್ಲರೂ ಜವಾಬ್ದಾರರು. ಆದರೆ ಹೊಣೆ ಇರುವುದಕ್ಕೂ ಅಗೆಯುವ ಹಕ್ಕು ಇರುವುದಕ್ಕೂ ವ್ಯತ್ಯಾಸವಿದೆ: ಹಳೆಯ ಗುಂಡಿಯನ್ನು ಬಳಸುವ ಹಕ್ಕು ಕ್ರಯಪತ್ರದಲ್ಲಿ ಇದ್ದ ಮಾತ್ರಕ್ಕೆ, ಅವರ ಜಮೀನಿನಲ್ಲಿ 60 ಮೀಟರ್ ಹೊಸ ಕಾಲುವೆ ತೋಡುವ ಹಕ್ಕು ಬಂದುಬಿಡುವುದಿಲ್ಲ. ಪತ್ರಗಳನ್ನು ವಕೀಲರಿಗೆ ತೋರಿಸಿ, ನೆರೆಯವರೊಂದಿಗೆ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಂಡ ಮೇಲೆಯೇ ಗುದ್ದಲಿ ಎತ್ತಿ.

ಮಾರುವಾಗ ವ್ಯವಸ್ಥೆಯ ವಿವರ, ಅದು ಇರುವ ಜಾಗ, ಮಾಡಿದ ಬದಲಾವಣೆಗಳು ಮತ್ತು ನಿರ್ವಹಣೆಯ ಕ್ರಮವನ್ನು ಕೊಳ್ಳುವವರಿಗೆ ಬರವಣಿಗೆಯಲ್ಲಿ ತಿಳಿಸಬೇಕೆಂದು ನಿಯಮವೇ ಹೇಳುತ್ತದೆ. ಇಂಗು ಪರೀಕ್ಷೆಯ ವರದಿ, ಬಿಲ್ಡಿಂಗ್ ಕಂಟ್ರೋಲಿನ ಮುಕ್ತಾಯ ಪತ್ರ, ಕಾಲುವೆಗಳು ತೆರೆದಿದ್ದಾಗ ಅಳತೆಪಟ್ಟಿ ಇಟ್ಟು ತೆಗೆದ ಫೋಟೋಗಳು, ಮನೆಯ ಮೂಲೆಯಿಂದ ಚೇಂಬರಿಗೆ ಎಷ್ಟು ಮೀಟರ್ ಎಂದು ಬರೆದ ಒಂದು ಕೈನಕ್ಷೆ: ಇವಿಷ್ಟನ್ನೂ ಒಂದೇ ಕಡತದಲ್ಲಿ ಇಟ್ಟುಕೊಂಡಿದ್ದರೆ ಮುಂದೆ ಬರುವವರು ಹುಲ್ಲುಹಾಸಿನಲ್ಲಿ ಕಂಬಿ ಚುಚ್ಚುತ್ತಾ ಟ್ಯಾಂಕನ್ನು ಹುಡುಕಬೇಕಾಗುವುದಿಲ್ಲ.